ಅಮ್ಮ ಸಕಲೇಶಪುರ, ಅಪ್ಪ ಸ್ಟುಟ್‌ಗಾರ್ಟ್: ನಮ್ಮಂಥ ಮನೆಯ ಮಕ್ಕಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಸಕಲೇಶಪುರದ ಕಡೆಯವಳು. ಇಪ್ಪತ್ತು ವರ್ಷದಿಂದ ಜರ್ಮನಿಯಲ್ಲಿ, ಸ್ಟುಟ್‌ಗಾರ್ಟ್ ಪಕ್ಕದ ಒಂದು ಸಣ್ಣ ಊರಿನಲ್ಲಿದ್ದೇನೆ. ಗಂಡ ಇಲ್ಲಿಯವರೇ. ಮಗಳಿಗೆ ಹದಿನಾರು, ಮಗನಿಗೆ ಹನ್ನೆರಡು. ನಡುವೆ ಮೂರು ವರ್ಷ ನಾಲ್ಕೂ ಜನ ಮೈಸೂರಿನಲ್ಲಿ ಬದುಕಿದ್ದೂ ಉಂಟು. ಹೊಸದಾಗಿ ಮದುವೆಯಾದ ಹುಡುಗಿಯರು, ಬಸುರಿಯರು, ಊರಲ್ಲಿ ಕೂತು ಮೊಮ್ಮಕ್ಕಳ ಬಗ್ಗೆ ಚಿಂತೆ ಮಾಡುವ ಅಜ್ಜಿಯರು ನನಗೆ ಫೋನ್ ಮಾಡಿ ಕೇಳುವ ಪ್ರಶ್ನೆಗಳನ್ನೆಲ್ಲ ಇಲ್ಲಿ ಒಟ್ಟಿಗೆ ಬರೆದಿಟ್ಟಿದ್ದೇನೆ. ಕಾನೂನಿನ ವಿಷಯಕ್ಕೆ ಕೈಹಾಕುವ ಮುಂಚೆ ನಿಮ್ಮ ಊರಿನ ಕಾನ್ಸುಲೇಟ್‌ನಲ್ಲಿ ಒಮ್ಮೆ ವಿಚಾರಿಸಿಕೊಳ್ಳಿ. ನಿಯಮಗಳು ಬದಲಾಗುತ್ತಲೇ ಇರುತ್ತವೆ.

ನಿಮ್ಮ ಮಕ್ಕಳು ನಮ್ಮೋರಾ, ಅವರೋರಾ?

ಎಲ್ಲರೂ ಮೊದಲು ಕೇಳುವುದು ಇದನ್ನೇ. ಮಗಳಿಗೆ ನಾಲ್ಕು ವರ್ಷವಿದ್ದಾಗ ಊರಿನ ಅಂಗಡಿಯಲ್ಲಿ, ತೂಕ ಮಾಡುತ್ತಿದ್ದ ಅಕ್ಕಿಯ ಮೇಲೆ ಕೈಯಿಟ್ಟುಕೊಂಡು ಅಂಗಡಿಯವರು ಇದೇ ಮಾತು ಕೇಳಿದರು. ಕೆಟ್ಟ ಮನಸ್ಸಿನಿಂದೇನಲ್ಲ. ನಾನು ನಗುತ್ತ "ಅರ್ಧ ನಮ್ಮೋಳು" ಅಂದೆ. ರಾತ್ರಿ ಮಲಗಿಸುವಾಗ ಅವಳು ಹೊಟ್ಟೆಯ ಮೇಲೆ ಬೆರಳಿನಿಂದ ಗೆರೆ ಎಳೆದುಕೊಂಡು ಕೇಳಿದಳು: "ಅಮ್ಮಾ, ಯಾವ ಅರ್ಧ ನಮ್ದು? ಮೇಲಿಂದಾ, ಕೆಳಗಿಂದಾ?"

ಆವತ್ತಿನಿಂದ ನಮ್ಮ ಮನೆಯಲ್ಲಿ "ಅರ್ಧ" ಅನ್ನುವ ಮಾತು ಬಂದ್. ಯಾರು ಕೇಳಿದರೂ "ನಮ್ಮೋಳೂ ಹೌದು, ಅವರೋಳೂ ಹೌದು" ಅನ್ನುತ್ತೇವೆ. ಮಗು ತನ್ನ ಬಗ್ಗೆ ತಾನು ಯೋಚಿಸುವುದಕ್ಕೆ ಎಷ್ಟೋ ಮೊದಲೇ ದೊಡ್ಡವರು ಅದರ ಪರವಾಗಿ ಉತ್ತರ ಕೊಟ್ಟು ಮುಗಿಸಿರುತ್ತಾರೆ, ಮಗು ಪಕ್ಕದಲ್ಲಿ ನಿಂತು ಅಷ್ಟನ್ನೂ ಕೇಳಿಸಿಕೊಳ್ಳುತ್ತಿರುತ್ತದೆ. ಕೇಳುವವರನ್ನು ತಡೆಯುವುದು ನಮ್ಮ ಕೈಲಿಲ್ಲ, ಮಗುವಿನ ಎದುರಿಗೆ ಏನು ಹೇಳಬೇಕು ಅನ್ನುವುದು ನಮ್ಮ ಕೈಲಿದೆ. ಕೆಳಗಿನ ಮುಕ್ಕಾಲು ಪಾಲು ಉತ್ತರಗಳು ಇದನ್ನೇ ಸುತ್ತಿಕೊಂಡಿವೆ.

ಎರಡೂ ದೇಶದ ಪಾಸ್‌ಪೋರ್ಟ್ ಇಟ್ಟುಕೊಳ್ಳಬಹುದಾ?

ಆಗುವುದಿಲ್ಲ. ಜರ್ಮನಿ 2024ರ ಜೂನ್ 27ರಿಂದ ಎಲ್ಲರಿಗೂ ಒಂದಕ್ಕಿಂತ ಹೆಚ್ಚು ಪೌರತ್ವಕ್ಕೆ ಅವಕಾಶ ಕೊಟ್ಟಿದೆ. ಆದರೆ ಭಾರತ ಒಪ್ಪುವುದಿಲ್ಲ. ನಮ್ಮ ಸಂವಿಧಾನದ 9ನೇ ವಿಧಿ ಮತ್ತು 1955ರ ಪೌರತ್ವ ಕಾಯ್ದೆ ಎರಡೂ ಇದಕ್ಕೆ ಅಡ್ಡ.

ಅಪ್ಪ ಅಥವಾ ಅಮ್ಮ ಜರ್ಮನ್ ಆಗಿದ್ದರೆ ಮಗು ಹುಟ್ಟಿನಿಂದಲೇ ಜರ್ಮನ್ ಪ್ರಜೆ. ಅದೇ ಮಗುವನ್ನು ಭಾರತದ ಪ್ರಜೆಯಾಗಿ ಮಾಡಬೇಕೆಂದರೆ ಹುಟ್ಟಿದ ಒಂದು ವರ್ಷದೊಳಗೆ ಭಾರತದ ಕಾನ್ಸುಲೇಟ್‌ನಲ್ಲಿ ನೋಂದಾಯಿಸಬೇಕು, ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲ ಎಂದು ತಂದೆತಾಯಿ ಬರೆದುಕೊಡಬೇಕು. ಒಂದು ವರ್ಷ ದಾಟಿದರೆ ಕೇಂದ್ರ ಸರ್ಕಾರದ ಅನುಮತಿ ಬೇಕು. ಹದಿನೆಂಟು ತುಂಬಿ ಆರು ತಿಂಗಳೊಳಗೆ ಇನ್ನೊಂದು ದೇಶದ ಪೌರತ್ವ ಬಿಡದಿದ್ದರೆ ಭಾರತದ ಪೌರತ್ವ ತಾನಾಗಿಯೇ ಹೋಗುತ್ತದೆ. ಹಾಗಾಗಿ ನನಗೆ ಗೊತ್ತಿರುವ ಬಹುಪಾಲು ಮನೆಗಳು ಜರ್ಮನ್ ಪಾಸ್‌ಪೋರ್ಟ್ ಮತ್ತು ಓಸಿಐ (ಓವರ್‌ಸೀಸ್ ಸಿಟಿಜನ್ ಆಫ್ ಇಂಡಿಯಾ) ಕಾರ್ಡ್ ದಾರಿಯನ್ನೇ ಹಿಡಿದಿವೆ. ನಾವೂ ಅಷ್ಟೇ. ನಾನು ಮಾತ್ರ ಇನ್ನೂ ಭಾರತದ ಪಾಸ್‌ಪೋರ್ಟ್ ಬಿಟ್ಟಿಲ್ಲ.

ಇದರ ಜೊತೆಗೆ ಹೆಣ್ಣುಮಕ್ಕಳಿಗೆ ಗೊತ್ತಿರಬೇಕಾದ ಒಂದು ಸಂಗತಿ ಇದೆ. ಪರದೇಶದಲ್ಲಿ ಹುಟ್ಟಿದ ಮಗುವಿಗೆ ಭಾರತದ ಪೌರತ್ವ ತಾಯಿಯ ಕಡೆಯಿಂದಲೂ ಸಿಗುವಂತಾದದ್ದು 1992ರ ಡಿಸೆಂಬರ್ 10ರಿಂದ. ಅದಕ್ಕೆ ಮುಂಚೆ ಅಪ್ಪ ಭಾರತೀಯನಾಗಿದ್ದರೆ ಮಾತ್ರ ಮಗು ಭಾರತೀಯ. ಜರ್ಮನಿಯೇನೂ ಬಹಳ ಮುಂದಿರಲಿಲ್ಲ. ಪರದೇಶದವನನ್ನು ಮದುವೆಯಾದ ಜರ್ಮನ್ ತಾಯಿಯ ಮಕ್ಕಳಿಗೆ ಹುಟ್ಟಿನಿಂದಲೇ ಪೌರತ್ವ ಸಿಕ್ಕಿದ್ದು 1975ರಿಂದ. ಎರಡೂ ಕಡೆ ತಾಯಿಯ ಬಳುವಳಿಗೆ ಬೆಲೆ ಬಂದದ್ದು ಈಚೆಗೆ. "ಅಪ್ಪ ಎಲ್ಲಿಯವನೋ ಮಗು ಅಲ್ಲಿಯದು" ಅಂತ ಯಾರಾದರೂ ನಿಮ್ಮ ಮಗುವಿನ ಎದುರು ಹೇಳಿದರೆ, ಆ ಕಾಲ ಮುಗಿದಿದೆ ಅಂತ ಧೈರ್ಯವಾಗಿ ಹೇಳಿ.

ಓಸಿಐ ಇದ್ದರೆ ಏನು ಸಿಗುತ್ತದೆ, ಏನು ಸಿಗುವುದಿಲ್ಲ?

ಹೆಸರಿನಲ್ಲಿ ಪೌರತ್ವ ಅಂತಿದ್ದರೂ ಅದು ಪೌರತ್ವವಲ್ಲ. ಜೀವನಪೂರ್ತಿ ವೀಸಾ ಕೇಳದೆ ಬಂದು ಹೋಗಬಹುದು, ಇರಬಹುದು, ಓದಬಹುದು, ಹೆಚ್ಚಿನ ಕೆಲಸಗಳನ್ನೂ ಮಾಡಬಹುದು. ಮತ ಹಾಕುವಂತಿಲ್ಲ, ಚುನಾವಣೆಗೆ ನಿಲ್ಲುವಂತಿಲ್ಲ, ಸರ್ಕಾರಿ ನೌಕರಿ ಸಾಮಾನ್ಯವಾಗಿ ಇಲ್ಲ. ಪತ್ರಿಕೋದ್ಯಮ, ಸಂಶೋಧನೆ, ಧರ್ಮಪ್ರಚಾರದಂಥ ಕೆಲಸಕ್ಕೆ ಬೇರೆಯಾಗಿ ಅನುಮತಿ ಬೇಕು.

ಮಲೆನಾಡಿನವರು ತಪ್ಪದೆ ಕೇಳುವುದು ತೋಟದ ವಿಷಯ. ಓಸಿಐ ಇರುವವರು ಕೃಷಿಭೂಮಿ, ಕಾಫಿ ತೋಟ, ಫಾರ್ಮ್‌ಹೌಸ್ ಕೊಂಡುಕೊಳ್ಳುವಂತಿಲ್ಲ. ಪಿತ್ರಾರ್ಜಿತವಾಗಿ ಬಂದದ್ದನ್ನು ಪಡೆಯಲು ಅಡ್ಡಿಯಿಲ್ಲ. ತಾತ ಬದುಕಿರುವಾಗಲೇ ಮನೆಯವರೆಲ್ಲ ಕೂತು ಮಾತಾಡಿ, ವಿಲ್ ಬರೆಸಿಡಿ. "ಅಲ್ಲಿರೋ ಮಕ್ಕಳಿಗೆ ಇಲ್ಲಿಂದ ಏನ್ ಬರ್ತದೆ" ಅಂತ ಯಾರೋ ಹೇಳಿದ ಮಾತನ್ನು ನಂಬಿ ಸುಮ್ಮನಾದವರನ್ನು ನೋಡಿದ್ದೇನೆ.

ಕಾರ್ಡನ್ನು ಪ್ರತಿ ಪಾಸ್‌ಪೋರ್ಟಿಗೂ ಹೊಸದಾಗಿ ಮಾಡಿಸುವ ಕಷ್ಟ 2021ರಿಂದ ಇಲ್ಲ. ಇಪ್ಪತ್ತು ವರ್ಷ ತುಂಬಿದ ಮೇಲೆ ಹೊಸ ಪಾಸ್‌ಪೋರ್ಟ್ ಬಂದಾಗ ಒಂದು ಸಲ ಮಾಡಿಸಿದರೆ ಸಾಕು. ಅದಕ್ಕೆ ಮುಂಚೆ ಪಾಸ್‌ಪೋರ್ಟ್ ಬದಲಾದಾಗಲೆಲ್ಲ ಹೊಸ ಪಾಸ್‌ಪೋರ್ಟಿನ ಪ್ರತಿ ಮತ್ತು ಫೋಟೋ ಅಪ್‌ಲೋಡ್ ಮಾಡಬೇಕು. ಮಕ್ಕಳ ಮುಖ ಬೇಗ ಬದಲಾಗುತ್ತದೆ, ಇದನ್ನು ಮರೆಯಬೇಡಿ.

ಮುಂದೆ ಊರಲ್ಲಿ ಮೆಡಿಕಲ್, ಇಂಜಿನಿಯರಿಂಗ್ ಓದಬಹುದಾ?

2021ರ ಮಾರ್ಚ್ 4ರ ಅಧಿಸೂಚನೆ ಬಂದ ಮೇಲೆ ಓಸಿಐ ಮಕ್ಕಳು ಎನ್‌ಆರ್‌ಐ ಸೀಟಿಗೆ ಮಾತ್ರ ಅರ್ಹರು. ಆ ಸೀಟಿನ ಶುಲ್ಕ ಎಷ್ಟಿರುತ್ತದೆ ಅಂತ ನಿಮಗೇ ಗೊತ್ತು. 2023ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್, ಆ ದಿನಾಂಕಕ್ಕೆ ಮುಂಚೆ ಓಸಿಐ ಪಡೆದವರಿಗೆ ಇದು ಅನ್ವಯಿಸುವುದಿಲ್ಲ ಎಂದು ತೀರ್ಪು ಕೊಟ್ಟಿತು. ಕಾರ್ಡ್ ಯಾವತ್ತು ಸಿಕ್ಕಿತು ಅನ್ನುವುದು ಮುಖ್ಯವಾಗುತ್ತದೆ, ಹಳೆಯ ಕಾಗದಗಳನ್ನು ಎಸೆಯಬೇಡಿ.

ಹೆಸರು ಹೇಗೆ ಇಡಬೇಕು?

ಇಬ್ಬರು ಅಜ್ಜಿಯರೂ ನಾಲಿಗೆ ತಡವರಿಸದೆ ಕೂಗಬಹುದಾದ ಹೆಸರು ಇಡಿ. ಮಾಯಾ, ಮೀರಾ, ನೀಲ, ಅನಿತಾ ಇಂಥವು ಎರಡೂ ಕಡೆ ಸಲೀಸು. ನಮ್ಮ ಳ, ಣ ಅವರಿಗೆ ಕಷ್ಟ, ಅವರ ಗಂಟಲಿನ ರ ನಮ್ಮ ಅಜ್ಜಿಗೆ ಕಷ್ಟ.

ನಿಜವಾದ ತಲೆನೋವು ಸರ್‌ನೇಮ್. ನಮ್ಮ ಕಡೆ ಎಷ್ಟೋ ಜನರಿಗೆ ಸರ್‌ನೇಮೇ ಇಲ್ಲ, ಊರಿನದೊಂದು ಇನಿಷಿಯಲ್, ಅಪ್ಪನದೊಂದು ಇನಿಷಿಯಲ್, ಆಮೇಲೆ ಹೆಸರು. ಇಲ್ಲಿನ ನೋಂದಣಿ ಕಚೇರಿಗೆ ಅದು ಅರ್ಥವಾಗುವುದಿಲ್ಲ. ನನ್ನ ಅಪ್ಪನ ಸ್ವಂತ ಹೆಸರೇ ಇಲ್ಲಿ ನನ್ನ ಮನೆತನದ ಹೆಸರಾಗಿ ಕೂತಿದೆ. ಅಪ್ಪ ತೀರಿಕೊಂಡ ಮೇಲೆ ಡಾಕ್ಟರ್ ಶಾಪ್‌ನಲ್ಲಿ ಯಾರಾದರೂ ಆ ಹೆಸರು ಹಿಡಿದು ಕೂಗಿದಾಗ ಈಗಲೂ ನನಗೆ ಒಂದು ಕ್ಷಣ ಎದೆ ತುಂಬಿ ಬರುತ್ತದೆ. ಜರ್ಮನಿಯಲ್ಲಿ 2025ರ ಮೇ ತಿಂಗಳಿಂದ ಮಗುವಿಗೆ ತಂದೆತಾಯಿ ಇಬ್ಬರ ಹೆಸರನ್ನೂ ಸೇರಿಸಿ ಇಡಲು ಅವಕಾಶ ಬಂದಿದೆ. ಈಗ ಹೆರುವವರು ಅದನ್ನು ಯೋಚಿಸಿ ನೋಡಿ.

ಎರಡು ಭಾಷೆ ಕಲಿಸಿದರೆ ಮಗುವಿಗೆ ಗೊಂದಲ ಆಗುವುದಿಲ್ಲವಾ?

ಆಗುವುದಿಲ್ಲ. ಫ್ರಾನ್ಸ್‌ನ ಭಾಷಾವಿದ್ವಾಂಸ ಜೂಲ್ ರೋಂಜಾ ತನ್ನ ಮಗ ಲೂಯಿಯನ್ನು ಬೆಳೆಸಿದ ರೀತಿಯನ್ನು 1913ರಲ್ಲೇ ಬರೆದಿಟ್ಟಿದ್ದಾನೆ. ಅಪ್ಪ ಫ್ರೆಂಚ್ ಮಾತ್ರ, ಅಮ್ಮ ಜರ್ಮನ್ ಮಾತ್ರ. ಹುಡುಗ ಎರಡನ್ನೂ ಚೆನ್ನಾಗಿ ಕಲಿತ. ನಮ್ಮ ಮನೆಯಲ್ಲೂ ಅದೇ ಕ್ರಮ. ನಾನು ಕನ್ನಡ, ಅವರು ಜರ್ಮನ್. ನಾವಿಬ್ಬರು ಮೊದಲು ಇಂಗ್ಲಿಷ್ ಆಡುತ್ತಿದ್ದೆವು, ಮಕ್ಕಳಾದ ಮೇಲೆ ಜರ್ಮನ್‌ಗೆ ಬದಲಾದೆವು.

ಮಾತು ಬೆರೆಯುತ್ತದೆ, ಬೆರೆಯಲಿ. ಮಗ ಮೂರು ವರ್ಷದವನಿದ್ದಾಗ ಜರ್ಮನ್ ಕ್ರಿಯಾಪದಕ್ಕೆ ಕನ್ನಡದ ಬಾಲ ಹಚ್ಚಿ "ಶ್ಪೀಲ್ ಮಾಡ್ತೀನಿ" ಅನ್ನುತ್ತಿದ್ದ. ಬೆಂಗಳೂರಿನ ಮಕ್ಕಳು "ಪ್ಲೇ ಮಾಡ್ತೀನಿ" ಅನ್ನುವುದಿಲ್ಲವೇ? ಅದರಲ್ಲಿ ಕನ್ನಡದ ವ್ಯಾಕರಣ ಗಟ್ಟಿಯಾಗಿ ಕೂತಿದೆ ಅಂತ ಖುಷಿಪಡಿ.

ಕನ್ನಡದಲ್ಲಿ ಕೇಳಿದರೆ ಜರ್ಮನ್‌ನಲ್ಲಿ ಉತ್ತರ ಕೊಡುತ್ತಾರಲ್ಲ?

ಕೊಡುತ್ತಾರೆ, ವಿಶೇಷವಾಗಿ ಶಾಲೆಗೆ ಸೇರಿದ ಮೇಲೆ. ಗದರಬೇಡಿ, "ಕನ್ನಡದಲ್ಲಿ ಹೇಳದಿದ್ರೆ ಕೊಡಲ್ಲ" ಅಂತ ಊಟ ಹಿಡಿದು ಕೂರಬೇಡಿ. ನೀವು ಕನ್ನಡ ಬಿಡಬೇಡಿ, ಅಷ್ಟೇ. ಕನ್ನಡ ಬಿಟ್ಟು ಬೇರೆ ಭಾಷೆ ಬಾರದ ಒಬ್ಬ ಮನುಷ್ಯ ಮಗುವಿನ ಬದುಕಿನಲ್ಲಿ ಇರಬೇಕು. ನಮ್ಮಲ್ಲಿ ಅದು ನನ್ನ ಅಮ್ಮ. ಭಾನುವಾರ ಬೆಳಿಗ್ಗೆ ವಿಡಿಯೋ ಕಾಲ್‌ನಲ್ಲಿ "ಏನ್ ತಿಂದ್ಯೋ ಮಗಾ?" ಅಂದರೆ ಅವನು ಹೇಳಲೇಬೇಕು, ಬೇರೆ ದಾರಿಯಿಲ್ಲ.

ಓದಲಿಕ್ಕೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್‌ನಲ್ಲಿ ಕನ್ನಡದ ಮಕ್ಕಳ ಕಥೆಗಳು ಪುಕ್ಕಟೆ ಸಿಗುತ್ತವೆ. ದೊಡ್ಡ ಊರುಗಳಲ್ಲಿ ಕನ್ನಡ ಸಂಘಗಳು ವಾರಾಂತ್ಯದಲ್ಲಿ ಪಾಠ ಮಾಡುತ್ತವೆ. ಅಕ್ಷರ ಕಲಿಯುವುದಕ್ಕಿಂತ, ತನ್ನ ಹಾಗೇ ಎರಡು ಭಾಷೆಯಲ್ಲಿ ಜಗಳವಾಡುವ ಇನ್ನೊಂದು ಮಗು ಅಲ್ಲಿ ಸಿಗುತ್ತದೆ ಅನ್ನುವುದಕ್ಕೇ ಕರೆದುಕೊಂಡು ಹೋಗಿ.

ಊರಿಗೆ ಹೋದಾಗ ಎಲ್ಲರೂ ಮಗುವನ್ನು ಮುದ್ದು ಮಾಡುತ್ತಾರೆ. ಒಳ್ಳೆಯದೇ ಅಲ್ಲವಾ?

ಮುದ್ದಿನ ಜೊತೆ ಏನು ಹೇಳುತ್ತಾರೆ ಅನ್ನುವುದನ್ನು ಕಿವಿಗೊಟ್ಟು ಕೇಳಿ. ನನ್ನ ಮಗ ಬೆಳ್ಳಗಿದ್ದಾನೆ, ಕಂದು ಕೂದಲು. ಮಗಳದ್ದು ನನ್ನ ಬಣ್ಣ. ಹಾಸನದಲ್ಲಿ ಒಂದು ಮದುವೆ. ಊಟದ ಪಂಕ್ತಿಯಲ್ಲಿ ಕೂತಿದ್ದಾಗ ನಮ್ಮ ಸಂಬಂಧದ ಒಬ್ಬ ದೊಡ್ಡಮ್ಮ ಮಗನ ಗಲ್ಲ ಸವರಿ, "ಇವ್ನು ಅಪ್ಪನ್ ಬಣ್ಣ, ಗೊಂಬೆ ಹಂಗವ್ನೆ. ಇವ್ಳಿಗೆ ಪಾಪ, ನಿನ್ ಬಣ್ಣವೇ ಬಂದ್ಬಿಟ್ಟದೆ" ಅಂದರು. ಮಗಳು ಎಲೆಯ ತುದಿಯನ್ನು ಮಡಚುತ್ತ ಕೂತಿದ್ದಳು. ಒಂಬತ್ತು ವರ್ಷ. ಹೋಳಿಗೆ ಮುಟ್ಟಲಿಲ್ಲ.

ದೊಡ್ಡವರಿಗೆ ಎದುರಾಡಬಾರದು ಅಂತ ಬೆಳೆದವಳು ನಾನು. ಆದರೂ ಅಂದೆ: "ದೊಡ್ಡಮ್ಮ, ಪಾಪ ಅನ್ಬೇಡಿ. ಇದು ನಮ್ಮಮ್ಮನ ಬಣ್ಣ, ನಮ್ಮಜ್ಜಿ ಬಣ್ಣ. ನನಗೆ ಇಷ್ಟ." ದನಿ ಏರಿಸಲಿಲ್ಲ, ಆದರೆ ಮಗಳಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದೆ. ದೊಡ್ಡಮ್ಮ ಸ್ವಲ್ಪ ಹೊತ್ತು ಮಾತು ಬಿಟ್ಟರು, ಮಜ್ಜಿಗೆ ಬರುವ ಹೊತ್ತಿಗೆ ಸರಿಹೋದರು. ಇಬ್ಬರು ಮಕ್ಕಳ ಬಣ್ಣ ಬೇರೆ ಬೇರೆ ಇರುವ ಮನೆಗಳಲ್ಲಿ ಇದು ಅತಿ ದೊಡ್ಡ ಗಾಯ. ಬೆಳ್ಳಗಿನ ಮಗುವಿಗೂ ಗಾಯವೇ. ಯಾಕೆಂದರೆ ಅದಕ್ಕೆ ಸಿಗುತ್ತಿರುವ ಹೊಗಳಿಕೆ ಅದರ ಅಕ್ಕನಿಂದ ಕಿತ್ತುಕೊಂಡದ್ದು.

ಜರ್ಮನಿಯಲ್ಲಿ ಬಣ್ಣದ ತೊಂದರೆ ಇದೆಯಾ?

ಇದೆ. ಇಲ್ಲಿ ಅದು "ನೀನು ಎಲ್ಲಿಯವಳು?" ಅನ್ನುವ ವೇಷದಲ್ಲಿ ಬರುತ್ತದೆ. ಮಗಳು ಊರಿನ ಹೆಸರು ಹೇಳಿದರೆ, "ಅಲ್ಲ, ನಿಜವಾಗಿ ಎಲ್ಲಿಯವಳು?" ಅವಳು ಹುಟ್ಟಿದ್ದೇ ಇಲ್ಲಿ, ಮಾತಾಡುವುದು ಓಮಾಳ, ಅಂದರೆ ಜರ್ಮನ್ ಅಜ್ಜಿಯ, ಅಪ್ಪಟ ಶ್ವಾಬಿಯನ್ ಜರ್ಮನ್, ಈ ಸೀಮೆಯ ಆಡುಮಾತು. ಆದರೂ ಸರ್ಕಾರದ ಅಂಕಿಅಂಶದಲ್ಲೂ ಅವಳು ಬೇರೆ. ತಂದೆ ತಾಯಿಯಲ್ಲಿ ಒಬ್ಬರಾದರೂ ಹುಟ್ಟಿನಿಂದ ಜರ್ಮನ್ ಪ್ರಜೆಯಲ್ಲದಿದ್ದರೆ ಮಗು "ವಲಸೆ ಹಿನ್ನೆಲೆ" ಇರುವವರ ಸಾಲಿಗೆ ಸೇರುತ್ತದೆ. 2005ರ ಜನಸಮೀಕ್ಷೆಯಿಂದ ಬಂದ ವರ್ಗೀಕರಣ ಅದು. ಎಲ್ಲಿಗೂ ವಲಸೆ ಹೋಗದ ಮಗುವಿನ ಬೆನ್ನಿಗೆ ಆ ಹೆಸರು ಅಂಟಿದೆ.

2000ನೇ ಇಸವಿಯಲ್ಲಿ ಜರ್ಮನಿ ಕಂಪ್ಯೂಟರ್ ಕೆಲಸಕ್ಕೆ ಹೊರಗಿನವರನ್ನು ಗ್ರೀನ್ ಕಾರ್ಡ್ ಕೊಟ್ಟು ಕರೆದಾಗ, ನಾರ್ತ್ ರೈನ್ ವೆಸ್ಟ್‌ಫಾಲಿಯಾ ರಾಜ್ಯದ ಚುನಾವಣೆಯಲ್ಲಿ "ಕಿಂಡರ್ ಷ್ಟಾಟ್ ಇಂಡರ್" ಎಂಬ ಘೋಷಣೆ ಕೇಳಿಬಂದಿತ್ತು. ಭಾರತೀಯರ ಬದಲು ನಮ್ಮ ಮಕ್ಕಳು ಅಂತ ಅದರ ಅರ್ಥ. ಪ್ರಾಸ ಚೆನ್ನಾಗಿದ್ದುದರಿಂದ ಜನರ ಬಾಯಲ್ಲಿ ಉಳಿಯಿತು. ಮಕ್ಕಳೂ ಹೌದು, ಭಾರತೀಯರೂ ಹೌದು ಅನ್ನುವ ನನ್ನ ಇಬ್ಬರನ್ನು ನೋಡಿದಾಗೆಲ್ಲ ಅದು ನೆನಪಾಗುತ್ತದೆ.

ಮಗಳಿಗೆ ನಾವು ಹೇಳಿಕೊಟ್ಟದ್ದು: ಎಲ್ಲ ಪ್ರಶ್ನೆಗೂ ಉತ್ತರ ಕೊಡಬೇಕಾಗಿಲ್ಲ. ಸ್ನೇಹದಿಂದ ಕೇಳಿದವರಿಗೆ ಸಕಲೇಶಪುರದ ಮಳೆಯ ಕಥೆ ಹೇಳು. ಉಳಿದವರಿಗೆ ಊರಿನ ಹೆಸರು ಹೇಳಿ ಸುಮ್ಮನಾಗು.

ದೇವರು, ಜಾತಿ, ಗೋತ್ರ?

ನಮ್ಮಲ್ಲಿ ಯುಗಾದಿಗೆ ಬೇವು ಬೆಲ್ಲ, ಡಿಸೆಂಬರ್‌ನಲ್ಲಿ ಓಮಾಳ ಮನೆಯಲ್ಲಿ ಕ್ರಿಸ್‌ಮಸ್ ಮರ. ಒಂದನ್ನು ಇನ್ನೊಂದರ ಎದುರಿಗೆ ತೂಗಿಲ್ಲ. ದೇವಸ್ಥಾನದಲ್ಲಿ ಅರ್ಚಕರು ಗೋತ್ರ ಕೇಳಿದರೆ ಹೆಸರು ಮತ್ತು ನಕ್ಷತ್ರ ಹೇಳುತ್ತೇವೆ, ಅರ್ಚನೆ ಆಗುತ್ತದೆ. ಜಾತಿ ಅಂದರೇನು ಎಂದು ಮಗಳು ಕೇಳಿದಾಗ ಮುಚ್ಚಿಡಲಿಲ್ಲ. ನಮ್ಮ ಮದುವೆಗೆ ಯಾರು ಬರಲಿಲ್ಲ, ಯಾಕೆ ಬರಲಿಲ್ಲ ಅನ್ನುವುದನ್ನೂ ಹೇಳಿದೆ.

ಊರಿಗೆ ವಾಪಸ್ ಬರುವುದಾದರೆ ಯಾವ ವಯಸ್ಸಿನಲ್ಲಿ ಬರಬೇಕು?

ಹತ್ತು ವರ್ಷದೊಳಗೆ ಬಂದರೆ ಮಕ್ಕಳು ಬೇಗ ಬೇರು ಬಿಡುತ್ತಾರೆ ಅನ್ನುವುದು ನನ್ನ ಅನುಭವ. ಹದಿಮೂರು ಹದಿನಾಲ್ಕರಲ್ಲಿ ಎಬ್ಬಿಸಿ ತಂದವರು ಬಹಳ ಕಷ್ಟಪಟ್ಟಿದ್ದಾರೆ. ಆ ವಯಸ್ಸಿಗೆ ಗೆಳೆಯರೇ ಊರು.

ನಾವು ಬಂದಾಗ ಮಗಳಿಗೆ ಆರು. ಮೈಸೂರಿನ ಶಾಲೆಯಲ್ಲಿ ಅವಳಿಗೆ ಮೊದಲ ಪೆಟ್ಟು ಬಿದ್ದದ್ದು ಕನ್ನಡದಲ್ಲೇ. ಮನೆಯಲ್ಲಿ "ಹೋಗ್ತೀನಿ" ಅನ್ನುವವಳು, ಅಲ್ಲಿ "ಹೋಗುತ್ತೇನೆ" ಅಂತ ಬರೆಯಬೇಕು. ಒಬ್ಬ ಟೀಚರ್ ಅವಳ ಕಾಪಿಯನ್ನು ಕ್ಲಾಸಿಗೆಲ್ಲ ತೋರಿಸಿ "ಫಾರಿನ್ ಕನ್ನಡ" ಅಂದರಂತೆ. ಎರಡು ವಾರ ಅವಳು ಮನೆಯಲ್ಲಿ ಕನ್ನಡ ಮಾತಾಡಲಿಲ್ಲ. ಸ್ಟುಟ್‌ಗಾರ್ಟ್‌ನಲ್ಲಿ ಆರು ವರ್ಷ ಕಾಪಾಡಿಕೊಂಡು ಬಂದ ಮಾತು ಮೈಸೂರಿನಲ್ಲಿ ಬಾಯಿ ಮುಚ್ಚಿಕೊಂಡಿತು. ನಾನು ಹೋಗಿ ಮಾತಾಡಿದೆ. ಟೀಚರಿಗೆ ಬೇಜಾರಾಯಿತು, ಆಮೇಲೆ ಸಂಜೆ ಅರ್ಧ ಗಂಟೆ ಕೂರಿಸಿಕೊಂಡು ಅವರೇ ಒತ್ತಕ್ಷರ ತಿದ್ದಿಸಿದರು. ಈಗ ಅವಳು ಅಜ್ಜಿಗೆ ಕೈಯಲ್ಲೇ ಕಾಗದ ಬರೆಯುತ್ತಾಳೆ.

ಜರ್ಮನಿಗೆ ಮರಳಿದಾಗ ಇದೇ ಕಥೆ ಜರ್ಮನ್‌ನಲ್ಲಿ ಮತ್ತೆ ಆಯಿತು. ಅದಕ್ಕೂ ತಯಾರಾಗಿರಿ. ಹೀಗೆ ದೇಶಗಳ ನಡುವೆ ಬೆಳೆಯುವವರನ್ನು "ಮೂರನೇ ಸಂಸ್ಕೃತಿಯ ಮಕ್ಕಳು" ಅಂತ ಮೊದಲು ಕರೆದದ್ದು ಅಮೆರಿಕದ ಸಮಾಜಶಾಸ್ತ್ರಜ್ಞೆ ರೂತ್ ಯೂಸೀಮ್, 1950ರ ದಶಕದಲ್ಲಿ ಭಾರತದಲ್ಲಿದ್ದ ಅಮೆರಿಕನ್ನರನ್ನು ಅಧ್ಯಯನ ಮಾಡುವಾಗ.

ಗಂಡ ಹೆಂಡತಿ ಬೇರೆಯಾದರೆ ಮಗು ಯಾರ ಜೊತೆ, ಯಾವ ದೇಶದಲ್ಲಿ?

ಇದನ್ನು ದನಿ ತಗ್ಗಿಸಿ ಕೇಳುತ್ತಾರೆ. ಒಬ್ಬರು ಹೇಳದೆ ಕೇಳದೆ ಮಗುವನ್ನು ಬೇರೆ ದೇಶಕ್ಕೆ ಕರೆದುಕೊಂಡು ಹೋದರೆ ವಾಪಸ್ ಕಳಿಸುವುದಕ್ಕೆ 1980ರ ಹೇಗ್ ಒಪ್ಪಂದವಿದೆ. ಜರ್ಮನಿ ಅದರಲ್ಲಿದೆ, ಭಾರತ ಸೇರಿಲ್ಲ. ಭಾರತದ ಕೋರ್ಟುಗಳು ಮಗುವಿನ ಹಿತ ಯಾವುದರಲ್ಲಿದೆ ಅಂತ ಒಂದೊಂದು ಪ್ರಕರಣವನ್ನೂ ಬೇರೆಯಾಗಿ ನೋಡುತ್ತವೆ. ವರ್ಷಗಟ್ಟಲೆ ಎಳೆಯಬಹುದು. ಮನೆಯಲ್ಲಿ ಹಿಂಸೆ ಇದ್ದರೆ ಅಲ್ಲಿಯೇ ಸಹಾಯವಾಣಿಗೆ ಹೇಳಿ, ವಕೀಲರನ್ನು ಕಾಣಿ. ಟಿಕೆಟ್ ತೆಗೆಯುವುದು ಆಮೇಲೆ.

ಒಬ್ಬಳೇ ಮಗುವಿನ ಜೊತೆ ಪ್ರಯಾಣ ಮಾಡುವಾಗ?

ಇನ್ನೊಬ್ಬರ ಒಪ್ಪಿಗೆ ಪತ್ರ, ಮಗುವಿನ ಜನನ ಪ್ರಮಾಣಪತ್ರ. ಎರಡೂ ಕೈಚೀಲದಲ್ಲಿರಲಿ.

ಇಂಥ ಕುಟುಂಬಗಳು ಈಗಿನ ಕಾಲದ್ದಾ?

ಅಲ್ಲ. ಮಂಗಳೂರಿನ ಆನಂದರಾವ್ ಕೌಂಡಿನ್ಯ 1844ರಲ್ಲಿ ಕ್ರೈಸ್ತರಾಗಿ, ಸ್ವಿಟ್ಜರ್‌ಲೆಂಡಿನ ಬಾಸೆಲ್‌ನಲ್ಲಿ ಓದಿ, 1851ರಲ್ಲಿ ಪಾದ್ರಿಯಾಗಿ ಊರಿಗೆ ಬಂದರು, ಮುಂದೆ ಜರ್ಮನ್ ಹೆಣ್ಣುಮಗಳನ್ನು ಮದುವೆಯಾದರು. ಅವರಿಗೆ ಗುರುವಾಗಿದ್ದ ಜರ್ಮನ್ ಪಾದ್ರಿ ಹರ್ಮನ್ ಮೋಗ್ಲಿಂಗ್, 1843ರಲ್ಲಿ ಮಂಗಳೂರ ಸಮಾಚಾರ ಪತ್ರಿಕೆ ಹೊರಡಿಸಿದವರು, 1881ರಲ್ಲಿ ತೀರಿಕೊಂಡದ್ದು ನಮ್ಮ ಮನೆಯ ಹತ್ತಿರದ ಎಸ್ಲಿಂಗನ್‌ನಲ್ಲಿ. 1894ರಲ್ಲಿ ಕನ್ನಡ ನಿಘಂಟು ಕೊಟ್ಟ ಕಿಟ್ಟೆಲ್ ತೀರಿಕೊಂಡದ್ದು ಟ್ಯೂಬಿಂಗನ್‌ನಲ್ಲಿ, ನಮಗೆ ರೈಲಿನಲ್ಲಿ ಒಂದು ಗಂಟೆ ದಾರಿ. ಮಕ್ಕಳನ್ನು ಎರಡೂ ಊರಿಗೆ ಕರೆದುಕೊಂಡು ಹೋಗಿ ಇದನ್ನೆಲ್ಲ ಹೇಳಿದೆ. ಕನ್ನಡಕ್ಕೂ ಈ ನೆಲಕ್ಕೂ ಇರುವ ನಂಟು ತಮ್ಮ ಅಮ್ಮನಿಂದ ಶುರುವಾದದ್ದಲ್ಲ ಅಂತ ಗೊತ್ತಾದಾಗ ಮಗನ ಮುಖದಲ್ಲಿ ಒಂದು ನಿರಾಳ ಕಂಡೆ.

ಅಜ್ಜ ಅಜ್ಜಿ ಹೋದ ಮೇಲೆ ಊರಿನ ನಂಟು ಉಳಿಯುತ್ತದಾ?

ಇದು ನನಗೂ ಇರುವ ಭಯ. ಮಗಳಿಗೆ ಐದಾಗಿದ್ದಾಗ ಅಮ್ಮ ಶ್ಯಾವಿಗೆ ಒರಳಿನಲ್ಲಿ ಬೇಯಿಸಿದ ಅಕ್ಕಿ ಉಂಡೆ ಇಟ್ಟು ಒತ್ತುವುದನ್ನು ನೋಡಿ, "ಅಜ್ಜಿ, ಇದು ಓಮಾ ಹತ್ರಾನೂ ಇದೆ!" ಅಂತ ಕೂಗಿದಳು. ಹೌದು, ಶ್ವಾಬಿಯನ್ನರು ತಮ್ಮ ಶ್ಯಾವಿಗೆಯಂಥ ಸ್ಪೆಟ್ಸ್‌ಲೆ ಮಾಡಲು ಹಿಟ್ಟು ಒತ್ತುವ ಸಾಧನ ನಮ್ಮದರ ಹಾಗೇ ಇರುತ್ತದೆ. ಅವತ್ತಿನಿಂದ ಅವಳಿಗೆ ಒತ್ತುವುದು ಅಂದರೆ ಪ್ರಾಣ. ಕಳೆದ ವರ್ಷ ಓಮಾಳ ಒತ್ತುಪಾತ್ರೆಯಲ್ಲೇ ಶ್ಯಾವಿಗೆ ಮಾಡಿ ಕಾಯಿಹಾಲಿನ ಜೊತೆ ಬಡಿಸಿದಳು. ಎಳೆ ದಪ್ಪ ಬಂದಿತ್ತು, ಅದರ ತೂತು ದೊಡ್ಡದು. ಅಮ್ಮ ಫೋನಿನಲ್ಲಿ ನೋಡಿ, "ಹಿಟ್ಟು ಇನ್ನೂ ಸ್ವಲ್ಪ ಬೇಯ್ಬೇಕಿತ್ತು ಪುಟ್ಟಿ" ಅಂದರು.

ಈ ಡಿಸೆಂಬರ್‌ನಲ್ಲಿ ಮಗಳು ಮೊದಲ ಸಲ ಒಬ್ಬಳೇ ಊರಿಗೆ ಹೊರಟಿದ್ದಾಳೆ. ಕಾಫಿ ಕುಯ್ಲಿನ ಹೊತ್ತು. ಮಾವ ಬೆಂಗಳೂರಿನ ವಿಮಾನ ನಿಲ್ದಾಣಕ್ಕೆ ಬರುತ್ತಾರೆ. ಓಸಿಐ ಕಾರ್ಡು, ಪಾಸ್‌ಪೋರ್ಟು, ಒಪ್ಪಿಗೆ ಪತ್ರ ಎಲ್ಲ ಒಂದು ಚೀಲಕ್ಕೆ ಹಾಕಿಟ್ಟಿದ್ದೇನೆ. ಅಜ್ಜಿಯ ಒರಳನ್ನು ಬಟ್ಟೆಯಲ್ಲಿ ಸುತ್ತಿ ತರಲು ಪೆಟ್ಟಿಗೆಯಲ್ಲಿ ಅವಳು ಈಗಲೇ ಜಾಗ ಬಿಟ್ಟಿದ್ದಾಳೆ.